ಹೊಗೆಮಲ್ಲ ಮರೆತ ಇಕ್ಕಳ

ಬಹಳ ಹಿಂದೆ, ಬೆಟ್ಟಗಳಿಗೂ ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಾಲುಗುಂದ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದ ನಟ್ಟನಡುವೆ ಅನ್ನಪೂರ್ಣೆಯ ಗುಡಿ. ತಾಯಿಗೆ ದಿನಕ್ಕೆ ಮೂರು ಹೊತ್ತು ಬಿಸಿ ನೈವೇದ್ಯ ಆಗಬೇಕು. ತಾಯಿ ಉಂಡ ಮೇಲೆಯೇ ಊರು ಉಣ್ಣಬೇಕು. ನೈವೇದ್ಯ ಬೇಯಿಸುವವಳು ಸಾಕಮ್ಮ. ಅವಳ ಮಗ್ಗುಲಲ್ಲಿ ನಿಂತು ಕಲಿಯುವವಳು ಸೊಸೆ ದೇವೀರಿ. ಅತ್ತೆ ಬೈದರೆ ಸೊಸೆ ನಗುವಳು, ಸೊಸೆ ಮುನಿದರೆ ಅತ್ತೆ ಬೆಲ್ಲದ ಚೂರು ಬಾಯಿಗಿಡುವಳು. ದೇವರು ಮೆಚ್ಚುವ ಸಂಸಾರ ಅಂದರೆ ಅದೇ.

ರಾಜ್ಯದ ಉತ್ತರಕ್ಕೆ ಇದ್ದಲಿಬೆಟ್ಟ. ಅಲ್ಲಿ ಹೊಗೆಮಲ್ಲ ಎಂಬ ಮಾಂತ್ರಿಕನಿದ್ದ. ಮೈಯೆಲ್ಲ ಹೊಗೆ, ಮನಸ್ಸೆಲ್ಲ ಗರ್ವ. “ಆ ಗುಡಿಯ ತಾಯಿಗೆ ಕೈ ಮುಗಿಯುವ ಜನ ನನಗೇಕೆ ಮುಗಿಯುವುದಿಲ್ಲ?” ಎಂದು ಕುದಿಯುತ್ತಿದ್ದ. ಒಂದು ಬೆಳಗ್ಗೆ ಅವನು ಬಾಯಿ ತೆರೆದು ಉಸಿರು ಒಳಗೆಳೆದುಕೊಂಡ. ಹಾಲುಗುಂದದ ಒಲೆಗಳ ಬೆಂಕಿಯೆಲ್ಲ, ದೀಪಗಳ ಕುಡಿಯೆಲ್ಲ, ಕುಲುಮೆಗಳ ಕಿಡಿಯೆಲ್ಲ ಸುಯ್ಯೆಂದು ಹಾರಿಹೋಗಿ ಅವನ ಗವಿಯಲ್ಲಿ ಒಂದೇ ಒಂದು ಕೆಂಡವಾಗಿ ಕೂತವು. ಅದಕ್ಕೆ ತಾಯಿಕೆಂಡ ಎಂದು ಹೆಸರು. ಆಮೇಲೆ ಹೊಗೆಮಲ್ಲ ಬೆಟ್ಟದ ತುದಿಯಿಂದ ಕೂಗಿದ:

“ತಾಯಿಕೆಂಡ ಮುಟ್ಟಿದ ಕೈ ಕಲ್ಲಾಗಲಿ! ತುಂಬಿಕೊಂಡ ಮಡಕೆ ಪುಡಿಯಾಗಲಿ! ಸುತ್ತಿದ ಬಟ್ಟೆ ಬೂದಿಯಾಗಲಿ! ನನ್ನನ್ನು ದೇವರೆಂದು ಪೂಜಿಸುವ ತನಕ ಹಸಿಯನ್ನೇ ತಿನ್ನಿ!”

ಕಲ್ಲಿಗೆ ಕಲ್ಲು ಉಜ್ಜಿದರೂ ಕಿಡಿ ಹುಟ್ಟಲಿಲ್ಲ. ಜನ ನೆನೆಸಿದ ಅಕ್ಕಿ ತಿಂದರು, ಹಸಿ ಗೆಣಸು ಕಡಿದರು. ಆದರೂ ಒಬ್ಬರೂ ಬೆಟ್ಟದ ಕಡೆ ಕೈ ಮುಗಿಯಲಿಲ್ಲ. ಸಾಕಮ್ಮನಂತೂ ಏನನ್ನೂ ತಿನ್ನಲಿಲ್ಲ. “ತಾಯಿಗೆ ಬಿಸಿ ನೈವೇದ್ಯ ಆಗದೆ ನನ್ನ ಗಂಟಲಲ್ಲಿ ಏನಿಳಿಯುತ್ತೆ?” ಎಂದು ನೀರು ಕುಡಿದು ಮಲಗಿದಳು. ಎಂಟನೆಯ ದಿನಕ್ಕೆ ಅವಳ ದನಿ ಕುಗ್ಗಿತು. ವೈದ್ಯರು ನಾಡಿ ಹಿಡಿದು ನೋಡಿ, “ಇನ್ನು ಮೂರು ದಿನದೊಳಗೆ ಬಿಸಿ ಗಂಜಿ ಹೊಟ್ಟೆಗೆ ಬೀಳದಿದ್ದರೆ ಈ ಜೀವ ಉಳಿಯುವುದಿಲ್ಲ” ಎಂದರು.

ದೇವೀರಿ ಅತ್ತೆಯ ಕಾಲು ಒತ್ತುತ್ತಾ ಹೇಳಿದಳು: “ಅತ್ತೆ, ನಾನು ಹೋಗಿ ಆ ಕೆಂಡ ತರ್ತೀನಿ. ಕೈ ಕಲ್ಲಾದರೆ ಆಗಲಿ.”

ಸಾಕಮ್ಮ ಕಣ್ಣು ಬಿಟ್ಟಳು. “ಕಲ್ಲುಗೈಯಲ್ಲಿ ಹಿಟ್ಟು ಹೇಗೆ ಕಲಸ್ತೀಯೆ, ದಡ್ಡಿ? ಅವನು ಏನೇನಂದ, ಸರಿಯಾಗಿ ಹೇಳು.”

“ಕೈ ಅಂದ, ಮಡಕೆ ಅಂದ, ಬಟ್ಟೆ ಅಂದ.”

“ಇಕ್ಕಳ ಅಂದನಾ?”

“ಇಲ್ಲ ಅತ್ತೆ.”

ಎಂಟು ದಿನದಲ್ಲಿ ಮೊದಲ ಸಲ ಸಾಕಮ್ಮ ನಕ್ಕಳು. “ಅವನು ಒಂದು ದಿನವೂ ಒಲೆ ಮುಂದೆ ಕೂತವನಲ್ಲ ಕಣೇ. ಕೂತಿದ್ದರೆ ಮೊದಲು ಅದನ್ನೇ ಹೇಳ್ತಿದ್ದ. ನಡಿ, ಮೋನಾಚಾರಿ ಮನೆಗೆ ಹೋಗೋಣ.”

“ಗುಡಿಯ ಇಕ್ಕಳ ಇದೆಯಲ್ಲ ಅತ್ತೆ?”

“ಅದು ನನ್ನ ಕೈಗೆ ಪಳಗಿದ್ದು. ನಿನ್ನ ಕೈಗೆ ನಿನ್ನದೇ ಬೇಕು. ನನ್ನನ್ನು ಹೊತ್ಕೋ. ಇಷ್ಟು ದಿನದ ಉಪವಾಸಕ್ಕೆ ಹೂವಿನ ಹಾಗೆ ಹಗುರ ಆಗಿದ್ದೀನಿ.”

ದೇವೀರಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಕಮ್ಮಾರನ ಮನೆಗೆ ಹೋದಳು. ಮೋನಾಚಾರಿ ತಣ್ಣಗಿನ ಕುಲುಮೆಯ ಮುಂದೆ ಕೈಕಟ್ಟಿ ಕೂತಿದ್ದ. ಇಕ್ಕಳ ಬೇಕೆಂದಾಗ, “ಹೊಸದು ಬಡಿಯೋಕೆ ಬೆಂಕಿ ಇಲ್ಲ ತಾಯೀ. ಗೋಡೆ ಮೇಲೆ ಮೂರಿವೆ, ನೋಡಿ” ಎಂದ.

ಮೊದಲನೆಯದಕ್ಕೆ ಬಂಗಾರದ ನೀರು ಕುಡಿಸಿದ್ದರು, ಹಿಡಿಯ ತುಂಬ ಬಳ್ಳಿಯ ಕೆತ್ತನೆ. ದೇವೀರಿಯ ಕೈ ನೇರ ಅದಕ್ಕೇ ಹೋಯಿತು.

“ಬಿಸಿಲಿಗೆ ಹಿಡಿ. ಅದರ ಬಾಯಿ ಮುಚ್ಚು. ನಡುವೆ ಬೆಳಕು ಕಾಣ್ತದಾ?” ಎಂದಳು ಸಾಕಮ್ಮ.

“ಒಂದು ಗೆರೆಯಷ್ಟು ಕಾಣ್ತದೆ.”

“ಎರಡು ತುದಿ ಕೂಡದಿದ್ದ ಮೇಲೆ ಏನು ಹಿಡಿಯುತ್ತೆ? ಇಡು ಅತ್ಲಾಗೆ.”

“ಅದು ಅರಮನೆಗೆ ಅಂತ ಮಾಡಿದ್ದು, ಗೋಡೆಗೆ ತೂಗುಹಾಕೋಕೆ” ಎಂದು ಆಚಾರಿ ತಲೆ ಕೆರೆದುಕೊಂಡ.

ಎರಡನೆಯದು ಎರಡು ಮೊಳ ಉದ್ದ. “ಕೈ ದೂರ ಇದ್ದರೆ ಸುಡೋದಿಲ್ಲ ಅತ್ತೆ” ಎಂದಳು ದೇವೀರಿ. “ಹೌದಾ? ಒಂದು ಅಕ್ಕಿಕಾಳು ಎತ್ತು ನೋಡೋಣ.” ಎತ್ತಹೋದರೆ ತುದಿ ನಡುಗಿತು, ಕಾಳು ಚಿಮ್ಮಿ ಆಚಾರಿಯ ಮೀಸೆಯಲ್ಲಿ ಸಿಕ್ಕಿಕೊಂಡಿತು. ಮೂವರೂ ನಕ್ಕರು.

ಮೂರನೆಯದು ಒಂದು ಮೊಳಕ್ಕೆ ತುಸು ಕಮ್ಮಿ. ಕಪ್ಪು ಕಬ್ಬಿಣ, ಹೂವಿಲ್ಲ, ಹೊಳಪಿಲ್ಲ. ಬಿಸಿಲಿಗೆ ಹಿಡಿದರೆ ಬೆಳಕು ತೂರಲಿಲ್ಲ. ಅಕ್ಕಿಕಾಳು ಮುರಿಯದೆ ಮೇಲೆದ್ದಿತು. ನೀರು ತುಂಬಿದ ಪಾತ್ರೆಯ ಅಂಚು ಹಿಡಿದರೆ ಜಾರಲಿಲ್ಲ. ಇಪ್ಪತ್ತು ಸಲ ತೆರೆದು ಮುಚ್ಚಿದರೂ ಹೆಬ್ಬೆರಳು ನೋಯಲಿಲ್ಲ.

ಸಾಕಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೊಸೆಯ ಕೈಗಿಟ್ಟಳು. “ಇದು ನಿನ್ನ ಆರನೇ ಬೆರಳು ಅಂದುಕೋ. ಎಷ್ಟು ಬೇಕೋ ಅಷ್ಟೇ ಬಿಗಿ ಹಿಡಿ. ಮಿಕ್ಕಿದ್ದನ್ನು ತಾಯಿ ಹಿಡಿದುಕೊಳ್ತಾಳೆ.”

ದೇವೀರಿ ಅತ್ತೆಯನ್ನು ಮನೆಗೆ ಸೇರಿಸಿ, ಗುಡಿಗೆ ಅಡ್ಡಬಿದ್ದು ಹೊರಟಳು.

ಬೆಟ್ಟದ ಬುಡದಲ್ಲಿ ಒಂದು ಹೊಳೆ ಕುದಿಯುತ್ತಿತ್ತು. ದಡದಲ್ಲಿ ಕಬ್ಬಿಣದ ರೆಕ್ಕೆಯ ಹದ್ದೊಂದು ಕೂತು ಅಳುತ್ತಿತ್ತು. “ನನ್ನ ಮೊಟ್ಟೆ ಬಿಸಿನೀರಿನ ಅಂಚಿಗೆ ಜಾರಿದೆ. ಕೊಕ್ಕಲ್ಲಿ ಹಿಡಿದರೆ ಒಡೆಯುತ್ತೆ, ಬಿಟ್ಟರೆ ಬೇಯುತ್ತೆ!”

“ಅಳಬೇಡಮ್ಮ” ಎಂದು ದೇವೀರಿ ಮಂಡಿಯೂರಿದಳು. ಬಿಸಿ ಕಡುಬನ್ನು ಮುರಿಯದಂತೆ ಎತ್ತುವ ಹದ ಅವಳಿಗೆ ಗೊತ್ತಿತ್ತು. ಅದೇ ಹದದಲ್ಲಿ ಮೊಟ್ಟೆ ಎತ್ತಿ ಗೂಡಿಗಿಟ್ಟಳು. ಹದ್ದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು.

ಬೆಟ್ಟದ ನಡುವೆ ದಾರಿಗೆ ಅಡ್ಡವಾಗಿ ಒಂದು ದೊಡ್ಡ ಕರಡಿ. ಅದರ ಮುಂದೆ, ಬೆಟ್ಟದ ಒಡಲ ಬಿಸಿಗೆ ಕಾದ ಬಂಡೆಯ ಮೇಲೆ, ಅಂಚಿನ ತನಕ ತುಂಬಿದ ಹಾಲಿನ ಪಾತ್ರೆ. “ಹನಿ ಚೆಲ್ಲದೆ ಇಳಿಸಿದರೆ ದಾರಿ ಬಿಡ್ತೀನಿ. ಚೆಲ್ಲಿದರೆ ನೀನೇ ನನ್ನ ಊಟ” ಎಂದಿತು.

“ನಾನು ಒಣಕಲು, ಕರಡಿಮಾವ, ನಿನ್ನ ಒಂದು ಹಲ್ಲಿಗೂ ಸಾಲಲ್ಲ” ಎಂದಳು ದೇವೀರಿ. ಆವಿ ಮುಖಕ್ಕೆ ಹೊಡೆಯದ ಕಡೆ ನಿಂತಳು. ಅಂಚನ್ನು ತುದಿಯಲ್ಲಿ ಕಚ್ಚದೆ ಇಕ್ಕಳದ ಬಾಯಿ ತುಂಬ ಹಿಡಿದಳು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಹಾಲಿನ ಮೈ ಅಲುಗಾಡುವುದು ನಿಲ್ಲುವ ತನಕ ಕಾದು, ಆಮೇಲೆ ಎತ್ತಿ ಇಳಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಕರಡಿ ಮೀಸೆ ನೆಕ್ಕಿಕೊಂಡು ದಾರಿ ಬಿಟ್ಟಿತು.

ಇನ್ನೂ ಮೇಲೆ ಹತ್ತಿದರೆ ಗವಿ. ಒಳಗೆ ಹೊಗೆಮಲ್ಲ ಗೊರಕೆ ಹೊಡೆಯುತ್ತಿದ್ದ. ಕಲ್ಲಿನ ಒಲೆಯ ಮೇಲೆ, ಬೂದಿಯ ನಡುವೆ, ತಾಯಿಕೆಂಡ ಮಿನುಗುತ್ತಿತ್ತು. ದೇವೀರಿ ಸದ್ದಿಲ್ಲದೆ ಹತ್ತಿರ ಹೋದಳು. ಇನ್ನೇನು ಎತ್ತಬೇಕು. ಆದರೆ ಗುಡಿಯಲ್ಲಿ ಅಡುಗೆ ಮಾಡುವವರು ಇಕ್ಕಳ ಕೈಗೆತ್ತಿಕೊಂಡರೆ ಮೊದಲು ಒಲೆಯ ಅಂಚಿಗೆ ಎರಡು ಸಲ ತಟ್ಟುತ್ತಾರೆ, ಅಂಟಿದ ಬೂದಿ ಉದುರಲಿ ಅಂತ. ಉಸಿರಾಡಿದಷ್ಟೇ ಸಹಜವಾದ ಅಭ್ಯಾಸ ಅದು. ದೇವೀರಿಯೂ ತಟ್ಟಿಬಿಟ್ಟಳು.

ಟಣ್, ಟಣ್!

ಹೊಗೆಮಲ್ಲ ಧಡಕ್ಕನೆ ಎದ್ದ. “ಯಾರದು?”

“ನಾನು, ದೇವೀರಿ. ಕೆಂಡ ತಗೊಂಡು ಹೋಗೋಕೆ ಬಂದೆ.”

“ಅದೇನು ಕೈಯಲ್ಲಿ, ಎರಡು ಕಾಲಿನ ಕಬ್ಬಿಣ?”

“ಇಕ್ಕಳ ಗೊತ್ತಿಲ್ವಾ? ನಿಮ್ಮ ಮನೇಲಿ ಅಡುಗೆ ಮಾಡೋರು ಯಾರು?”

ಹೊಗೆಮಲ್ಲ ಸಿಟ್ಟಿನಿಂದ ಒಲೆಯ ಮೇಲೆ ಊದಿದ. ಒಂದು ಕೆಂಡ ಇದ್ದಲ್ಲಿ ನೂರು ಕೆಂಡಗಳಾದವು. ಎಲ್ಲವೂ ಒಂದೇ ಕೆಂಪು. “ಒಂದೇ ಸಲ ಎತ್ತಬಹುದು. ಸುಳ್ಳು ಕೆಂಡ ಎತ್ತಿದೆಯೋ, ನೀನೇ ಇದ್ದಲು!”

ದೇವೀರಿಗೆ ಬರಿದಾದ ಮಡಕೆಯ ಪಕ್ಕ ಮಲಗಿರುವ ಅತ್ತೆಯ ಮುಖ ಕಣ್ಣ ಮುಂದೆ ಬಂತು. “ತಾಯೀ, ಕಣ್ಣಿಗೆ ಕಾಣದ್ದನ್ನು ಕೈಗಾದರೂ ತಿಳಿಸು” ಎಂದು ಬೇಡಿ ಕಣ್ಣು ಮುಚ್ಚಿದಳು. ಎತ್ತಲಿಲ್ಲ, ಇಕ್ಕಳದ ತುದಿಯಿಂದ ಒಂದೊಂದನ್ನೇ ಸುಮ್ಮನೆ ಮುಟ್ಟಿದಳು. ಬರೀ ಗಾಳಿ. ಮತ್ತೊಂದು ಮುಟ್ಟಿದಳು. ಗಾಳಿ. ಮುಟ್ಟುತ್ತ ಮುಟ್ಟುತ್ತ ಒಂದು ಕಡೆ ಕಬ್ಬಿಣ ಸಣ್ಣಗೆ ತಡೆಯಿತು. ತುದಿಗೆ ಒರಟು ಮೈ ಸಿಕ್ಕಿತು. ಬಿಸಿ ನಿಧಾನವಾಗಿ ಹೆಬ್ಬೆರಳ ತನಕ ನಡೆದುಬಂತು.

“ತಪ್ಪು! ಅದಲ್ಲ!” ಎಂದು ಹೊಗೆಮಲ್ಲ ಕಿರುಚಿದ. ಬೆದರಿ ಬಿಗಿ ಹಿಡಿದರೆ ಕೆಂಡ ಪುಡಿ, ಸಡಿಲ ಬಿಟ್ಟರೆ ಬೂದಿಯ ಪಾಲು. ದೇವೀರಿ ಬಿಗಿಯೂ ಮಾಡಲಿಲ್ಲ, ಸಡಿಲವೂ ಬಿಡಲಿಲ್ಲ. ಎಷ್ಟು ಬೇಕೋ ಅಷ್ಟೇ ಹಿಡಿದು ಎತ್ತಿದಳು.

ಸುಳ್ಳು ಕೆಂಡಗಳೆಲ್ಲ ಆರಿಹೋದವು. ಹೊಗೆಮಲ್ಲನ ಮೈಯಿಂದ ಹೊಗೆ ಸುರುಳಿ ಸುರುಳಿಯಾಗಿ ಬಿಚ್ಚಿ ಗವಿಯಿಂದ ಆಚೆ ಹೋಯಿತು. ಉಳಿದದ್ದು ಗಡಗಡ ನಡುಗುವ ಒಬ್ಬ ಬಡಕಲು ಮುದುಕ.

“ಚಳಿ ಆಗ್ತದೆ” ಎಂದ ಅವನು, ಮಗುವಿನ ಹಾಗೆ.

“ಆಗದೆ ಇರ್ತದಾ? ನನ್ನ ಹಿಂದೆ ಬಾ ತಾತ. ಊರಲ್ಲಿ ಗಂಜಿ ಕಾಯಿಸ್ತೀನಿ.”

“ನನಗೂ?”

“ತಾಯಿ ಉಂಡ ಮೇಲೆ ಎಲ್ಲರಿಗೂ.”

ಕರಡಿ ದಾರಿ ತೋರಿತು, ಹದ್ದು ಹೊಳೆ ದಾಟಿಸಿತು. ವೈದ್ಯರು ಹೇಳಿದ ಮೂರನೆಯ ದಿನದ ಸೂರ್ಯ ಮೂಡುವಾಗ ದೇವೀರಿ ತಾಯಿಕೆಂಡವನ್ನು ಗುಡಿಯ ಒಲೆಗಿಟ್ಟು ಊದಿದಳು. ಆ ಒಲೆ ಹೊತ್ತಿದ್ದೇ ತಡ, ಹಾಲುಗುಂದದ ಒಲೆಗಳೆಲ್ಲ ಭಗ್ಗೆಂದು ಹೊತ್ತಿಕೊಂಡವು. ಮಕ್ಕಳು ಕುಣಿದರು, ಮೋನಾಚಾರಿಯ ಕುಲುಮೆ ಗುರುಗುಟ್ಟಿತು. ಗಂಜಿ ಬೆಂದಿತು. ತಾಯಿಗೆ ನೈವೇದ್ಯ ಆಯಿತು, ಗಂಟೆ ಮೊಳಗಿತು.

ದೇವೀರಿ ಬಟ್ಟಲು ಹಿಡಿದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲ ಗುಟುಕು ತುಟಿಯಂಚಿನಿಂದ ಹರಿದುಹೋಯಿತು. ಎರಡನೆಯದು ಬಾಯಲ್ಲೇ ನಿಂತಿತು. ಮೂರನೆಯದು ಗಂಟಲಿಳಿಯಿತು. ಊರೆಲ್ಲ ಉಸಿರು ಹಿಡಿದು ನಿಂತಿತ್ತು. ಬಾಗಿಲ ಬಳಿ ಕಂಬಳಿ ಹೊದ್ದು ಕೂತಿದ್ದ ಮುದುಕನೂ ಕತ್ತು ಚಾಚಿದ್ದ.

ಸಾಕಮ್ಮ ಕಣ್ಣು ಬಿಟ್ಟು ಸೊಸೆಯ ಮುಖ ನೋಡಿದಳು.

“ಉಪ್ಪು ಕಮ್ಮಿ ಆಗಿದೆ ಕಣೇ” ಎಂದಳು.

ದೇವೀರಿ ಅತ್ತಳು, ನಕ್ಕಳು, ಉಪ್ಪು ತರಲು ಓಡಿದಳು.

ಅಂದಿನಿಂದ ಹಾಲುಗುಂದದಲ್ಲಿ ಯಾವ ಒಲೆಯೂ ಆರಲಿಲ್ಲ, ಯಾರೂ ಹಸಿದು ಮಲಗಲಿಲ್ಲ. ಆ ತಾಯಿಯ ದಯೆಯಿಂದ ಅವರೆಲ್ಲ ಬಿಸಿಯಾಗಿ ಉಂಡು ತಂಪಾಗಿ ಬಾಳಿದರು. ಕೇಳಿದ ನಿಮ್ಮ ಮನೆಯ ಒಲೆಯನ್ನೂ ಅವಳೇ ಕಾಯಲಿ.