ಹುಳ ಬಿದ್ದ ಸಿಗಾರು

ನನ್ನ ಎಡಗೈಯ ಕಿರುಬೆರಳು ಸಿಗಾರ್ ಕಟರಿನ ಒಳಗಿತ್ತು!

ಕಟರ್ ಅಂದರೆ ಸಿಗಾರಿನ ತುದಿ ಕತ್ತರಿಸುವ ಸಾಮಾನು. ನಡುವೆ ಒಂದು ತೂತು. ಎರಡು ಕಡೆಯಿಂದ ಬ್ಲೇಡು. ಆ ತೂತಿನಲ್ಲಿ ಸಿಗಾರು ಇರಬೇಕಿತ್ತು. ನನ್ನ ಬೆರಳಿತ್ತು. ಬ್ಲೇಡಿನ ಹಿಡಿ ಹಿತೇಶನ ಕೈಯಲ್ಲಿತ್ತು.

"ಅಲುಗಾಡಬೇಡ ಮಾರಾಯ. ನನ್ನ ಕೈ ಮೊದಲೇ ಸರಿ ಇಲ್ಲ," ಎಂದ ಹಿತೇಶ್.

ಬಿಳಿ ಟೇಬಲಿನ ಮೇಲೆ ಒಂದು ಹನಿ ರಕ್ತ ಬಿತ್ತು. ನನ್ನದೇ...

ಮಧ್ಯಾಹ್ನ ಎರಡೂವರೆ. ಕಾವೂರು ಕೆರೆಯ ಹತ್ತಿರದ ಬಂಗಲೆ. ಎ.ಸಿ. ಹದಿನೆಂಟರಲ್ಲಿ ಓಡುತ್ತಿತ್ತು. ಆದರೂ ಅಂಗಿ ಬೆನ್ನಿಗೆ ಅಂಟಿತ್ತು. ಧೈರ್ಯವಾಗಿ ಕೂತಿದ್ದೆ ಎಂದು ನಾನು ನಿಮ್ಮ ಹತ್ತಿರ ಕೊಚ್ಚಿಕೊಳ್ಳುವುದಿಲ್ಲ ಮಾರಾಯ್ರೆ. ಕಾಲು ಗಡಗಡ ನಡುಗುತ್ತಿತ್ತು. ಟೇಬಲಿನ ಅಡಿಯಲ್ಲಿದ್ದ ಕಾರಣ ಮರ್ಯಾದೆ ಉಳಿಯಿತು.

ಎದುರು ಕುಳಿತವನು ಹಿತೇಶನ ಅಣ್ಣ, ಮುಖೇಶ್. ಊರಿಗೆಲ್ಲ ಮುಖೇಶಣ್ಣ. ಕಾವೂರಿನಿಂದ ಬಜಪೆಯವರೆಗೆ ಒಂದು ಸೆಂಟ್ಸ್ ಜಾಗ ಕೈ ಬದಲಾಗಬೇಕಾದರೂ ಇವನ ಒಪ್ಪಿಗೆ ಬೇಕು. ಅವನು ಜೋರು ಮಾತಾಡುವುದಿಲ್ಲ. ಅದೇ ಹೆದರಿಕೆ.

"ರಂಜಿತ್, ನೀನೂ ಸುಜಿತನೂ ಒಂದೇ ಓಣಿಯವರು. ಅದಕ್ಕೆ ಬೆರಳು ಅಡವು ಇಟ್ಟುಕೊಂಡದ್ದು. ಬೇಜಾರು ಮಾಡಬೇಡ," ಎಂದ.

"ಬೇಜಾರು ಎಂತದು ಅಣ್ಣ..." ಎಂದೆ. ನನ್ನ ಸ್ವರ ನನಗೇ ಗುರುತು ಸಿಗಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಸುಜಿತ್ ಕೂತಿದ್ದ. ತುಟಿ ಒಡೆದಿತ್ತು. ಉರ್ವದಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ಅವನದು. ದುಬೈಯಿಂದ ಬರುವವರ ಹತ್ತಿರ ಸೆಂಟು, ಮೊಬೈಲು, ಬಾಟಲಿ ತರಿಸಿ ಮಾರುತ್ತಾನೆ. ಈ ಸಲ ಮುಖೇಶಣ್ಣನಿಗೆ ಇಪ್ಪತ್ತೈದು ಕ್ಯೂಬಾ ಸಿಗಾರು ಕೊಟ್ಟಿದ್ದ. ಮರದ ಪೆಟ್ಟಿಗೆ, ಸಿಗಾರಿಗೆಲ್ಲ ಬಂಗಾರದ ಬಣ್ಣದ ಪಟ್ಟಿ. ನೋಡಲಿಕ್ಕೆ ಮದುಮಗನ ಹಾಗೆ!

"ನಾಲ್ಕೂವರೆಗೆ ಬಜಪೆ ಏರ್‌ಪೋರ್ಟಿನಲ್ಲಿ ನನ್ನ ಗೆಸ್ಟ್ ಇಳಿಯುತ್ತಾರೆ. ಅವರಿಗೆ ಸಿಗಾರು ಅಂದ್ರೆ ಪ್ರಾಣ. ನಕಲಿ ಕೊಟ್ರೆ ನನ್ನ ಮಾನ ಹೋಗ್ತದೆ. ನೀನು ಟೇಸ್ಟ್ ಮಾಡಿ ಹೇಳು. ಅಸಲಿಯಾ, ನಕಲಿಯಾ?" ಎಂದ ಮುಖೇಶಣ್ಣ.

"ನಕಲಿಯಾದ್ರೆ?"

"ಬೆನೆಡಿಕ್ಟ್ ಗೊತ್ತಲ್ಲ? ಹೋದ ವರ್ಷ ನಕಲಿ ಸ್ಕಾಚ್ ಕೊಟ್ಟವ. ಈಗ ಎಡಗೈಯಲ್ಲಿ ಉಣ್ತಾನೆ." ಮುಖೇಶಣ್ಣ ನೀರು ಕುಡಿದ. "ಮನೆಯಲ್ಲಿ ಕೂತು ಲೇಬಲ್ ಅಂಟಿಸಿ ಕೊಟ್ಟ ಹೆಂಗಸೂ ಅಷ್ಟೇ."

ನಾನು ಯಾರು ಎಂದು ಹೇಳಲಿಲ್ಲ ಅಲ್ಲವಾ? ಹನ್ನೊಂದು ವರ್ಷ ಕ್ರೂಸ್ ಹಡಗಿನ ಸಿಗಾರ್ ಲಾಂಜಿನಲ್ಲಿ ಇದ್ದವನು. ದೊಡ್ಡವರಿಗೆ ಸಿಗಾರು ಹಚ್ಚಿಕೊಟ್ಟು, ಅವರು ಅರ್ಧ ಬಿಟ್ಟು ಹೋದದ್ದನ್ನು ಕದ್ದು ಎಳೆದು ಎಳೆದು ನಾಲಗೆ ಪಳಗಿಸಿಕೊಂಡವನು. ಈಗ ಊರಲ್ಲಿ ಫಿಕ್ಸರ್. ಕಳೆದದ್ದು ಹುಡುಕಿ ಕೊಡುತ್ತೇನೆ, ಕೆಟ್ಟದ್ದು ಸರಿ ಮಾಡುತ್ತೇನೆ. ಸಿಗಾರು ನನ್ನ ಹುಚ್ಚು. ಒಳ್ಳೆಯದೊಂದು ಸಿಕ್ಕಿದರೆ ಊಟ ಬಿಟ್ಟು ಕೂರುವ ಜನ ನಾನು.

ಬಲಗೈಯಲ್ಲಿ ಒಂದನ್ನು ಎತ್ತಿಕೊಂಡೆ. ಮೆಲ್ಲಗೆ ಒತ್ತಿದೆ. ಮೂಸಿದೆ. ತಿರುಗಿಸಿ ತುದಿ ನೋಡಿದೆ.

ಎದೆ ಧಸಕ್ಕೆಂದಿತು!

ಅಸಲಿ ಸಿಗಾರಿನ ತುದಿಗೆ ಎಲೆಯ ಚೂರೊಂದನ್ನು ಟೊಪ್ಪಿಯ ಹಾಗೆ ಅಂಟಿಸಿರುತ್ತಾರೆ. ಇದರ ತುದಿಯನ್ನು ಒಳಕ್ಕೆ ಮಡಚಿ ಮುಚ್ಚಿದ್ದರು. ಬೀಡಿಯ ಹಾಗೆ! ಮಡಿಕೆಯ ಮೇಲೆ ಉಗುರು ಒತ್ತಿದ ಗುರುತು. ಒಂದಲ್ಲ, ಅಕ್ಕಪಕ್ಕ ಎರಡು ಗೆರೆ. ಸೀಳಿದ ಉಗುರಿನ ಗುರುತು.

ಆ ಉಗುರು ನನಗೆ ಗೊತ್ತು.

ನಾನು ಹುಟ್ಟುವ ಮೊದಲೇ ಮೀನಿನ ಕತ್ತಿ ತಾಗಿ ಸೀಳಿದ ಹೆಬ್ಬೆರಳ ಉಗುರು ಅದು. ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಕೈ ಮೂವತ್ತೆಂಟು ವರ್ಷದಿಂದ ಬೀಡಿ ಕಟ್ಟುತ್ತಿದೆ. ನನಗೆ ಅನ್ನ ಹಾಕಿದ ಕೈ. ನನ್ನ ಅಮ್ಮ ವಾರಿಜಾಕ್ಷಿಯ ಕೈ!

ಹೋದ ತಿಂಗಳು ಅಮ್ಮ ನನ್ನ ಹತ್ತಿರ ಒಂದು ಸಿಗಾರು ಕೇಳಿದ್ದಳು. ಎಂತಕ್ಕೆ ಎಂದು ಕೇಳಿದ್ದಕ್ಕೆ, "ಸುಮ್ಮನೆ, ಬಿಚ್ಚಿ ನೋಡ್ಲಿಕ್ಕೆ" ಎಂದಿದ್ದಳು. ನಗಾಡಿ ಕೊಟ್ಟಿದ್ದೆ. ಎಂಥಾ ಪೆದ್ದ ನಾನು!

ಸುಜಿತನನ್ನು ನೋಡಿದೆ. ಅವನು ತಲೆ ತಗ್ಗಿಸಿದ. ಅಷ್ಟು ಸಾಕಾಯಿತು.

ನಕಲಿ ಎಂದರೆ ಇವರು ಸುಜಿತನಿಗೆ ಎರಡು ಕೊಡುತ್ತಾರೆ. ಅವನು ಅಮ್ಮನ ಹೆಸರು ಹೇಳುತ್ತಾನೆ. ಅಸಲಿ ಎಂದರೆ ನಾಲ್ಕೂವರೆಗೆ ಗೆಸ್ಟ್ ಒಂದು ದಮ್ಮು ಎಳೆದು ಉಗಿಯುತ್ತಾನೆ. ಮತ್ತೆ ಅದೇ ಕತೆ, ನನ್ನ ಬೆರಳೂ ಸೇರಿ.

"ಎಂತ ನೋಡ್ತಾ ಕೂತದ್ದು?" ಎಂದ ಮುಖೇಶಣ್ಣ.

"ಏನಿಲ್ಲ ಅಣ್ಣ..."

ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನುಂಗಿಬಿಟ್ಟೆ. ಉಗುರಿನ ಗುರುತು ಸಮೇತ!

"ಹಲ್ಲಿನಲ್ಲಿ ಯಾಕೆ?"

"ಕಟರ್ ಬ್ಯುಸಿ ಉಂಟಲ್ಲ ಅಣ್ಣ."

ಹಿತೇಶ್ ಪಕ್ಕನೆ ನಕ್ಕ. ಅವನು ನಕ್ಕಾಗ ಬ್ಲೇಡೂ ಅಲುಗಾಡಿತು. ನನಗೆ ನಗು ಬರಲಿಲ್ಲ.

ಕಡ್ಡಿ ಗೀರಿ ಹಚ್ಚಿದೆ. ಎಳೆದೆ. ಒಳ್ಳೆಯ ಸಿಗಾರಾದರೆ ಮೊದಲು ಮರದ ಘಮ ಬರಬೇಕು, ಆಮೇಲೆ ಕಾಫಿ, ಕೊನೆಗೆ ನಾಲಗೆಯ ತುದಿಯಲ್ಲಿ ಕಾಳುಮೆಣಸು. ಬೂದಿ ಒಂದಿಂಚು ಬೆಳ್ಳಗೆ ನಿಲ್ಲಬೇಕು. ಇದರಲ್ಲಿ ಬಂದದ್ದು ಗಂಟಲಿಗೆ ಕಿಚ್ಚು. ನಮ್ಮ ಮನೆಯ ಜಗಲಿಯ ವಾಸನೆ. ಎರಡನೇ ದಮ್ಮಿಗೆ ಬೂದಿ ಪುಸಕ್ಕೆಂದು ಉದುರಿತು.

"ಅಸಲಿಯ ಬೂದಿ ನಿಲ್ತದೆ ಅಂತ ಯೂಟ್ಯೂಬಿನಲ್ಲಿ ನೋಡಿದ್ದೇನೆ," ಎಂದ ಮುಖೇಶಣ್ಣ, ಮೆಲ್ಲಗೆ. "ಇದು ಯಾಕೆ ಬಿತ್ತು?"

ಹಿತೇಶ್ ಒತ್ತಿದ. ಚರ್ಮ ಸೀಳಿತು!

"ಅಯ್ಯೋ! ತಡಿ, ತಡಿ! ನನಗೂ ಅದೇ ಸಂಶಯ ಅಣ್ಣ! ಒಳಗೆ ಸೂಜಿ ಹಾಕಿ ನೋಡ್ಬೇಕು. ಒಂದು ಕೈಯಲ್ಲಿ ಆಗುದಿಲ್ಲ."

ಮುಖೇಶಣ್ಣ ಕಣ್ಣು ಸನ್ನೆ ಮಾಡಿದ. ಕಟರ್ ಸಡಿಲವಾಯಿತು. ಬೆರಳನ್ನು ಬಾಯಿಗಿಟ್ಟು ಚೀಪಿದೆ. ಬದುಕಿತ್ತು.

ಸಿಗಾರಿನ ಎಳೆತ ಬಿಗಿಯಾಗಿ ಹೊಗೆ ಬಾರದಾಗ ಸಡಿಲಿಸಲು ನನ್ನ ಚೀಲದಲ್ಲಿ ಒಂದು ಉದ್ದ ಸೂಜಿ ಇರುತ್ತದೆ. ಪೆಟ್ಟಿಗೆಯಿಂದ ಇನ್ನೊಂದು ಸಿಗಾರು ತೆಗೆದೆ. ಅಂಗೈಯ ಮರೆಯಲ್ಲಿ ಸೂಜಿಯನ್ನು ಒಳಗಿನಿಂದ ಹೊರಕ್ಕೆ ಚುಚ್ಚಿದೆ. ಪುಟ್ಟ, ದುಂಡಗಿನ ತೂತು.

"ದೇವರೇ... ಅಣ್ಣ, ಹುಳ!"

"ಎಂತ ಹುಳ?"

"ಹೊಗೆಸೊಪ್ಪಿನ ಹುಳ! ಮಾಲು ಅಸಲಿ ಅಣ್ಣ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಮಂಗಳೂರಿನ ಸೆಕೆಗೆ ಮೊಟ್ಟೆ ಒಡೆದಿದೆ. ಒಳಗೆ ಪೂರಾ ತಿಂದಿದೆ. ಬೂದಿ ಹೇಗೆ ನಿಲ್ತದೆ ಹೇಳಿ?"

ಮುಖೇಶಣ್ಣ ನಂಬುವ ಜನ ಅಲ್ಲ. ಪೆಟ್ಟಿಗೆಯ ಅಡಿಯಿಂದ ತಾನೇ ಒಂದನ್ನು ಎಳೆದು ತೆಗೆದ. ಕನ್ನಡಕ ಹಾಕಿ ತಿರುಗಿಸಿ ನೋಡಿದ.

"ಇದ್ರಲ್ಲಿ ತೂತು ಇಲ್ಲ ರಂಜಿತ್."

ಹಿತೇಶ್ ಮತ್ತೆ ಕಟರ್ ಎತ್ತಿಕೊಂಡ.

"ತಟ್ಟಿ ನೋಡಿ ಅಣ್ಣ..." ಎಂದೆ.

ತಟ್ಟಿದ. ಬುಡದಿಂದ ಕಂದು ಪುಡಿ ಸುರಿಯಿತು. ಬಿಳಿ ಟೇಬಲಿನ ಮೇಲೆ ಒಂದು ಚಮಚದಷ್ಟು!

ನೋಡಿ ಮಾರಾಯ್ರೆ, ಅಸಲಿ ಸಿಗಾರಿನ ಒಳಗೆ ಉದ್ದುದ್ದ ಎಲೆ ಇರುತ್ತದೆ. ಪುಡಿ ಉದುರುವುದೇ ಇಲ್ಲ. ಅದು ಬೀಡಿಯ ಪುಡಿ. ನಕಲಿ ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇದು ನನಗೆ ಗೊತ್ತಿತ್ತು. ಮುಖೇಶಣ್ಣನಿಗೆ ಗೊತ್ತಿರಬಾರದು ಎಂದು ಮನೆದೈವಕ್ಕೆ ಹರಕೆ ಹೊತ್ತೆ.

"ಹುಳ ಕೊರೆದ ಪುಡಿ ಅಣ್ಣ," ಎಂದೆ.

ಅವನು ಮೊಬೈಲು ತೆಗೆದು ಹುಡುಕಿದ. ಓದಿದ. ನಾನು ಉಸಿರು ಹಿಡಿದು ಕೂತೆ. ಒಂದು ನಿಮಿಷ... ಎರಡು ನಿಮಿಷ... ಅವನ ಮುಖದ ಬಣ್ಣ ಬದಲಾಯಿತು.

"ಥೂ! ಒಂದರಿಂದ ಒಂದಕ್ಕೆ ಹರಡ್ತದಂತೆ! ನನ್ನ ಕಪಾಟಿನಲ್ಲಿ ಬೇರೆ ಸಿಗಾರು ಉಂಟು! ಹಿತೇಶ, ತಗೊಂಡು ಹೋಗಿ ಸುಡು! ಪೆಟ್ಟಿಗೆ ಸಮೇತ ಸುಡು!"

ಅಂಗಳದಲ್ಲಿ ಅಮ್ಮನ ಸಿಗಾರುಗಳು ಪೆಟ್ರೋಲಿನಲ್ಲಿ ಉರಿದವು. ನಾನು ಕಿಟಕಿಯಿಂದ ನೋಡಿದೆ. ಗೆದ್ದೆ ಅಂದುಕೊಂಡೆ. ಆ ಗುಂಗಿನಲ್ಲಿ ನಾಲಗೆ ಜಾರಿತು.

"ಗೆಸ್ಟಿಗೆ ಎಂತ ಕೊಡುದು ಈಗ?" ಎಂದ ಮುಖೇಶಣ್ಣ.

"ನನ್ನ ಹತ್ತಿರ ಐದು ಅಸಲಿ ಉಂಟು ಅಣ್ಣ, ಉರ್ವದ ಮನೆಯಲ್ಲಿ. ತಂದು ಕೊಡ್ತೇನೆ."

"ಹಿತೇಶ ಬರ್ತಾನೆ ನಿನ್ನ ಹಿಂದೆ. ಅವನ ಕೈಯಲ್ಲೇ ಕೊಡು." ಆಮೇಲೆ ಸುಜಿತನ ಕಡೆ ತಿರುಗಿದ. "ನಾಳೆ ಕೊಡ್ತೇನೆ ಹೇಳಿದ್ದ ಇನ್ನೊಂದು ಪೆಟ್ಟಿಗೆಯೂ ಹುಳದ್ದೇಯಾ?"

ನಾಳೆಯ ಪೆಟ್ಟಿಗೆ!

ನಾಳೆಯದ್ದನ್ನು ಇವತ್ತು ಕಟ್ಟಬೇಕಲ್ಲ. ಅಮ್ಮ ಎಲ್ಲಿ ಕೂತು ಕಟ್ಟುತ್ತಾಳೆ? ಜಗಲಿಯಲ್ಲಿ. ರಸ್ತೆಗೆ ಕಾಣುವ ಹಾಗೆ! ನಾನೇ ಹಿತೇಶನನ್ನು ಅಲ್ಲಿಗೆ ಕರೆದಿದ್ದೆ!

ಸ್ಕೂಟರಿಗೆ ಕಿಕ್ ಹೊಡೆಯುವಾಗ ಕಾಲು ಎರಡು ಸಲ ತಪ್ಪಿತು. ಹಿಂದೆ ಹಿತೇಶನ ಕಪ್ಪು ಕಾರು ಸ್ಟಾರ್ಟ್ ಆಯಿತು.

ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಬೀಡಿ ಕಟ್ಟುವಾಗ ಅಮ್ಮ ಫೋನು ಎತ್ತುವುದೇ ಇಲ್ಲ.

ದೇರೆಬೈಲಿನ ಹತ್ತಿರ ಒಳದಾರಿಗೆ ನುಗ್ಗಿದೆ. ಕಾರು ಬರಲಾಗದ ಸಂದು. ಎದುರು ಬಂದ ಸಿಟಿ ಬಸ್ಸಿನ ಕಂಡಕ್ಟರ್ ನನ್ನ ಅಜ್ಜನವರೆಗೆ ಬೈದ. ಒಂದು ಕಡೆ ಸ್ಕೂಟರು ಚರಂಡಿಗೆ ಇಳಿಯಿತು, ಮೊಣಕಾಲು ತರಚಿತು. ಹಿಂದೆ ತಿರುಗಿ ನೋಡಲು ಹೆದರಿಕೆ. ನೋಡದಿರಲೂ ಹೆದರಿಕೆ. "ಅಮ್ಮ... ಅಮ್ಮ..." ಎಂದು ಸಣ್ಣ ಮಗುವಿನ ಹಾಗೆ ಬಾಯಿಬಿಟ್ಟು ಹೇಳುತ್ತಲೇ ಓಡಿಸಿದೆ.

ಉರ್ವ. ನಮ್ಮ ಜಗಲಿ. ಅಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮೊರ. ಮೊರದಲ್ಲಿ ಹದಿನೆಂಟು ಸಿಗಾರು, ಸಾಲಾಗಿ. ಬಂಗಾರದ ಪಟ್ಟಿ ಸಮೇತ!

"ಬಂದಿಯಾ? ಊಟ ಆಯ್ತಾ?" ಎಂದಳು.

ಮೊರ ಎಳೆದುಕೊಂಡೆ. ಒಳಗೆ ಓಡಿ ಎಲ್ಲವನ್ನೂ ಬಚ್ಚಲ ಒಲೆಗೆ ಸುರಿದೆ. ಬೆಂಕಿ ಭಗ್ಗೆಂದಿತು.

"ಏ ಮಾರಾಯ! ತಲೆ ಸರಿ ಉಂಟಾ ನಿನಗೆ? ಸುಜಿತ ಸಿನಿಮಾ ಶೂಟಿಂಗಿಗೆ ಕಟ್ಟಿಸಿದ್ದು ಅದು! ಮೂರು ದಿನದ ಕೆಲಸ!"

"ಸುಮ್ಮನಿರು ಅಮ್ಮ! ಮಾತಾಡ್ಬೇಡ! ನಿನ್ನ ದಮ್ಮಯ್ಯ!"

ಬೀಡಿ ಎಲೆಯನ್ನು ಅವಳ ಮೊರಕ್ಕೆ ತುಂಬಿ ಕೂರಿಸಿದೆ. ಹೊರಗೆ ಕಾರಿನ ಬಾಗಿಲು ಹಾಕಿದ ಶಬ್ದ.

ಹಿತೇಶ್ ಚಪ್ಪಲಿ ಹಾಕಿಕೊಂಡೇ ಜಗಲಿ ಹತ್ತಿದ. ಮೂಗು ಅರಳಿಸಿದ.

"ಎಂತ ಹೊಗೆ?"

"ಎಲೆಯ ಚೂರು ಒಲೆಗೆ ಹಾಕಿದ್ದು," ಎಂದೆ. ಐದು ಸಿಗಾರಿನ ಡಬ್ಬಿ ಅವನ ಕೈಗಿಟ್ಟೆ. ನನ್ನ ಜೀವಮಾನದ ಆಸ್ತಿ. ಹೋಗಲಿ.

ಅವನು ಹೋಗಲಿಲ್ಲ. ಅಮ್ಮನ ಕೈಯನ್ನೇ ನೋಡಿದ. "ಇದೆಲ್ಲ ಒಳ್ಳೆಯ ಎಲೆ ಅಲ್ವಾ ಅಕ್ಕ? ಆ ಸುಜಿತ ತಂದ ಸಿಗಾರು ಪೂರಾ ಹುಳ ಬಿದ್ದದ್ದು."

ಅಮ್ಮನ ಕೈ ನಿಂತಿತು.

"ಎಂತ? ಸುಜಿತ ಕೊಟ್ಟದ್ರಲ್ಲಿ ಹುಳವಾ? ಯಾರು ಹೇಳಿದ್ದು?"

"ನಿಮ್ಮ ಮಗನೇ! ಎಲ್ಲ ಸುಟ್ಟು ಹಾಕಿದೆವು."

ಅಮ್ಮನ ಮುಖ ಕೆಂಪಾಯಿತು. ನನಗೆ ಪ್ರಾಣ ಬಾಯಿಗೆ ಬಂತು. ನಿಮಗೆ ಅಮ್ಮ ಗೊತ್ತಿಲ್ಲ. ಮೂವತ್ತೆಂಟು ವರ್ಷದಲ್ಲಿ ಬೀಡಿ ಡಿಪೋದ ಚೆಕ್ಕರ್ ಅವಳು ಕಟ್ಟಿದ ಒಂದೇ ಒಂದು ಬೀಡಿ ತೆಗೆದು ಬಿಸಾಡಿದ್ದಿಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗುವ ಹೆಮ್ಮೆ ಅದು. ಕಟರಿನ ಎದುರು ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ ಆಗ. ಕಣ್ಣಿನಲ್ಲೇ ಬೇಡಿಕೊಂಡೆ.

"ಅದನ್ನು ಕಟ್ಟಿದವರು..." ಎಂದು ಅಮ್ಮ ಸ್ವರ ಎತ್ತಿದಳು.

ಹಿತೇಶ್ ತಿರುಗಿದ. "ಕಟ್ಟಿದವರು?"

ಆಗ ಅಮ್ಮನ ಕಣ್ಣು ನನ್ನ ಕಿರುಬೆರಳಿಗೆ ಬಿತ್ತು. ಸುತ್ತಲೂ ಬಳೆಯ ಹಾಗೆ ಗಾಯ. ರಕ್ತ ಮೊಣಕೈಯವರೆಗೆ ಇಳಿದಿತ್ತು. ಅಮ್ಮ ಬೆರಳು ನೋಡಿದಳು. ಹಿತೇಶನನ್ನು ನೋಡಿದಳು. ಅವನ ಅಂಗಿಯ ಕಿಸೆಯಲ್ಲಿ ಇಣುಕುತ್ತಿದ್ದ ಕಟರನ್ನೂ ನೋಡಿದಳು.

ಮೊರದಿಂದ ಒಂದು ಎಲೆ ಎತ್ತಿಕೊಂಡಳು.

"ಅದನ್ನು ಕಟ್ಟಿದವರು ಸರಿ ನೋಡ್ಲಿಲ್ಲ ಕಾಣ್ತದೆ," ಎಂದಳು. ಸ್ವರ ಸಣ್ಣದಾಗಿತ್ತು. "ಹುಳ ಇದ್ರೆ ಸುಡುದೇ ಒಳ್ಳೇದು."

ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂದು ನನಗೊಬ್ಬನಿಗೇ ಗೊತ್ತು. ನನ್ನ ಕಣ್ಣು ತುಂಬಿತು.

ಹಿತೇಶ್ ಹೋದ. ಕಾರು ತಿರುವು ದಾಟುವವರೆಗೆ ಇಬ್ಬರೂ ಉಸಿರು ಬಿಡಲಿಲ್ಲ. ಸಂಜೆ ಸುಜಿತನನ್ನೂ ಬಿಟ್ಟರು. ಹುಳದ ಮಾಲು ತಂದದ್ದಕ್ಕೆ ಎರಡು ಹಲ್ಲು ಅಲ್ಲೇ ಉಳಿಯಿತು.

ಅಮ್ಮ ನನ್ನನ್ನು ಎದುರು ಕೂರಿಸಿದಳು. ಬೆರಳಿಗೆ ಅರಸಿನ ಹಚ್ಚಿ, ಬಟ್ಟೆ ಸುತ್ತಿ, ಬೀಡಿಯ ನೂಲಿನಲ್ಲಿ ಕಟ್ಟತೊಡಗಿದಳು.

"ನೋಯ್ತದಾ?"

"ಇಲ್ಲ ಅಮ್ಮ."

ಇನ್ನೊಂದು ಸುತ್ತು ಹಾಕಿದಳು.

"ನೀನು ಎಳೆದಿದ್ದಿ ಅಲ್ವಾ ನಾನು ಕಟ್ಟಿದ್ದನ್ನು? ನಿಜ ಹೇಳು. ಹೇಗಿತ್ತು?"

"ಎಳೆತ ಸ್ವಲ್ಪ ಬಿಗಿ..."

ನೂಲು ಸರಕ್ಕನೆ ಬಿಗಿಯಿತು. ಕಣ್ಣಲ್ಲಿ ನೀರು ಚಿಮ್ಮಿತು!

"ಹೇಗಿತ್ತು?" ಎಂದಳು ಮತ್ತೆ.

"ಫಸ್ಟ್ ಕ್ಲಾಸ್ ಅಮ್ಮ!" ಎಂದೆ. ಬೆರಳು ಅವಳ ಕೈಯಲ್ಲಿತ್ತಲ್ಲ!