ರಾಗಿ ಆದ ಮೇಲಿನ ಗೋಧಿ

"ರಾಗಿ ಮುಗೀತು ಕಣಮ್ಮ. ಈಗ್ಲೇ ನಿನ್ ಗೋಧಿ ಹಾಕ್ಲಾ, ಇಲ್ಲಾ ಇನ್ಯಾರಾದ್ರೂ ಗೋಧಿ ತರೋಗಂಟ ಕಾಯ್ತೀಯಾ?" ಹಿಟ್ಟಿನ ಗಿರಣಿಯ ಗೋಪಾಲಪ್ಪ ಕೇಳಿದರು.

ಮೇಘಾ ಗೋಡೆ ಗಡಿಯಾರ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಾಗಲಗುಂಟೆಯಲ್ಲಿ ನಾಲ್ಕಕ್ಕೆ ಕರೆಂಟ್ ಹೋದರೆ ಬರುವುದು ಆರಕ್ಕೇ. ಅಷ್ಟೊತ್ತಿಗೆ ಅವಳ ಬರ್ತ್‌ಡೇಗೆಂದು ಬಿಂದುಶ್ರೀ ಮತ್ತು ಕ್ಲಾಸಿನ ಇನ್ನೂ ಮೂವರು ಮನೆಗೆ ಬಂದಿರುತ್ತಾರೆ.

ಗಿರಣಿಗೆ ಅವಳು ಒಬ್ಬಳೇ ಬಂದದ್ದು ಇದೇ ಮೊದಲು. ಅಮ್ಮ ಎರಡೆರಡು ಸಲ ಹೇಳಿ ಕಳಿಸಿದ್ದಳು: "ಗೋಧಿ ಬೀಸಿದ ಮ್ಯಾಲೇನ ನಮ್ದು ಹಾಕ್ಸು. ರಾಗಿ ಬೀಸಿದ ಮ್ಯಾಲೆ ಹಾಕ್ಸಿದ್ರ ಆ ಹಿಟ್ಟೆಲ್ಲಾ ನಮ್ದ್ರಾಗ ಬರ್ತೈತಿ."

"ಇವಳ ಕೈಲಿ ಆಗಲ್ಲ ಬಿಡಮ್ಮ. ಮುಂದಿನ ಸಲ ಮತ್ತೆ ನನ್ನೇ ಕಳಿಸ್ತೀಯ, ನೋಡ್ತಿರು" ಎಂದು ಅಣ್ಣ ವೀರೇಶ್ ಹಲ್ಲು ಕಿರಿದಿದ್ದ.

"ಹಾಕಿ ಅಂಕಲ್" ಎಂದುಬಿಟ್ಟಳು ಮೇಘಾ.

ದಾರಿಯಲ್ಲಿ ಡಬ್ಬದ ಮುಚ್ಚಳ ತೆಗೆದು ಕೈ ಹಾಕಿ ನೋಡಿದರೆ ತಳದಲ್ಲಿ ಕಂದು ಹಿಟ್ಟು, ಮೇಲೆ ಗೋಧಿ ಹಿಟ್ಟು. ಯಾರಿಗೂ ಕಾಣದಿರಲಿ ಎಂದು ಮೊಣಕೈವರೆಗೂ ಕೈ ಇಳಿಸಿ ಚೆನ್ನಾಗಿ ಕಲಸಿದಳು. ಈಗ ಡಬ್ಬದ ತುಂಬಾ ಒಂದೇ ಬಣ್ಣವಾಯಿತು, ಅದೂ ಕಂದು.

ಮನೆಯಲ್ಲಿ ಮೊಟ್ಟೆ ತಿನ್ನುತ್ತಿರಲಿಲ್ಲ, ಹಾಗಾಗಿ ಬೇಕರಿ ಕೇಕಿನ ಮಾತೇ ಇಲ್ಲ. ಮೈದಾ ಕಂಡರೂ ಅಮ್ಮನಿಗೆ ಆಗದು. ಗೋಧಿ ಹಿಟ್ಟಿನ ಕೇಕ್ ಬೇಯಿಸಲೆಂದು ಅವಳು ಆಗಲೇ ಕುಕ್ಕರಿಗೆ ಮರಳು ಸುರಿದು, ವಿಷಲ್ಲು ತೆಗೆದಿಟ್ಟು, ಸಣ್ಣ ಉರಿಯಲ್ಲಿ ಕಾಯಲು ಇಟ್ಟಿದ್ದಳು.

ಅಮ್ಮ ಒಂದು ಚಿಟಿಕೆ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಬೆಲ್ಲ, ತುಪ್ಪ, ಸೋಡಾ ಹಾಕಿ ಮೊಸರು ಸುರಿದಳು. ಒಂದು ಗಳಿಗೆ ನಿಂತು, ಇನ್ನೂ ಒಂದು ಸೌಟು ಮೊಸರು ಸುರಿದಳು.

ಕೇಕ್ ಬೇಯುವ ಮುಕ್ಕಾಲು ಗಂಟೆ ಮೇಘಾಗೆ ಕೂತಲ್ಲಿ ಕೂರಲಾಗಲಿಲ್ಲ. ಕೇಕ್ ಕಲ್ಲಿನ ಹಾಗಾದರೆ? ಬಿಂದುಶ್ರೀ ಸ್ಕೂಲಿಗೆಲ್ಲಾ ಹೇಳಿಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ಅಮ್ಮ ಇನ್ನು ಯಾವತ್ತೂ ತನ್ನನ್ನು ಗಿರಣಿಗೆ ಕಳಿಸದಿದ್ದರೆ?

ಆರಕ್ಕೆ ಲೈಟ್ ಬಂತು, ಹುಡುಗಿಯರೂ ಬಂದರು. ತಟ್ಟೆಯ ಮೇಲೆ ಕೇಕ್ ಕಡುಗಂದು ಬಣ್ಣದಲ್ಲಿ ಉಬ್ಬಿ ಕೂತಿತ್ತು.

"ಆಂಟಿ, ಚಾಕಲೇಟ್ ಕೇಕಾ?" ಎಂದಳು ಬಿಂದುಶ್ರೀ.

"ಅಲ್ಲವ್ವಾ. ಗೋಧಿ ಹಿಟ್ಟು, ಬೆಲ್ಲ."

ಮೇಘಾಗೆ ಇನ್ನು ತಡೆಯಲಾಗಲಿಲ್ಲ. "ರಾಗೀನೂ ಇದೆ ಅಮ್ಮ" ಎಂದಳು. ದನಿ ತೀರಾ ಸಣ್ಣಗಿತ್ತು. "ಕರೆಂಟ್ ಹೋಗ್ಬಿಡುತ್ತೆ ಅಂತ ರಾಗಿ ಆದ್ಮೇಲೇ ಹಾಕಿಸ್ದೆ. ಗೊತ್ತಾಗ್ಬಾರ್ದು ಅಂತ ಕಲಸ್ದೆ."

"ಹಿಟ್ಟು ಮುಟ್ಟಿದ ಕೂಡ್ಲೇನ ನಂಗ ಗೊತ್ತಾತು" ಎಂದಳು ಅಮ್ಮ, ಚಾಕು ಒರೆಸುತ್ತ. "ರಾಗಿ ನೀರು ಎಳೀತೈತಿ. ಅದಕ್ಕ ಮೊಸರು ಜಾಸ್ತಿ ಹಾಕೀನಿ. ಕತ್ತರಿಸು ಬಾ."

ಕೇಕ್ ಮೆತ್ತಗಿತ್ತು. ವೀರೇಶ್ ಏನೋ ಹೇಳಲು ಬಾಯಿ ತೆರೆದ, ಆದರೆ ಬಾಯ್ತುಂಬಾ ಕೇಕಿತ್ತು. ಮೇಘಾಗೆ ಈಗ ಭಾರೀ ಹಸಿವಾಯಿತು.

ಮುಂದಿನ ಶನಿವಾರ ಅಮ್ಮ ಗೋಧಿ ತುಂಬಿದ ಡಬ್ಬ ಹಿಡಿದು ಬಂದಾಗ ವೀರೇಶ್ ಚಪ್ಪಲಿ ಹಾಕಿಕೊಂಡು ಎದ್ದು ನಿಂತ. ಅಮ್ಮ ಅವನನ್ನು ದಾಟಿ ಬಂದು ಡಬ್ಬವನ್ನು ಮೇಘಾಳ ಕೈಗಿಟ್ಟಳು.

ಅಮ್ಮ ಇನ್ನೇನಾದರೂ ಹೇಳುತ್ತಾಳೆಂದು ಮೇಘಾ ಬಾಗಿಲಲ್ಲೇ ಕಾದಳು.

"ಯಾಕ ನಿಂತಿ? ಹೋಗ್ಬಾ" ಎಂದಳು ಅಮ್ಮ, ಅಷ್ಟೇ.

ಮೇಘಾ ಡಬ್ಬವನ್ನು ಸೊಂಟಕ್ಕೆ ಒತ್ತಿ ಹಿಡಿದು ಮೆಟ್ಟಿಲಿಳಿದಳು. ಈ ಸಲ ಗೋಧಿಯವರು ಬರುವ ತನಕ ಎಷ್ಟು ಹೊತ್ತಾದರೂ ಸರಿ, ಅವಳು ಕಾಯುತ್ತಾಳೆ.