ಒಡ್ಡಿನ ಮಣ್ಣು ಕೊಟ್ಟವಳು

"ಅಲ್ಲಿ ಕೊರೀಬೇಡಿ ಇಂಜಿನಿಯರೇ, ಅದು ಬೋಳು ನೆಲ. ಕೆಳಗೆ ಬನ್ನಿ."

ಮಣ್ಣು ಅಳೆಯಲು ಬಂದ ಫಿಡೆನ್ಸಿಯೊನ ಕೈಯಿಂದ ಸಲಾಕೆ ಕಿತ್ತುಕೊಂಡೇ ಒಟೀಲಿಯಾ ಇಳಿದಳು. ಮಿಸ್ತೆಕಾ ಬೆಟ್ಟಗಳ ಆ ಊರಿನಲ್ಲಿ ಬಂದವರಿಗೆ ಕೊಡುವುದು ಇದ್ದುದರಲ್ಲಿ ಒಳ್ಳೆಯದನ್ನೇ. ಅಜ್ಜಂದಿರು ಕಲ್ಲೊಡ್ಡು ಕಟ್ಟಿ ಹಿಡಿದಿಟ್ಟ ಕಪ್ಪು ಮಣ್ಣನ್ನು ತೋರಿಸಿದಳು. ಊರೆಲ್ಲ ಹಾಗೆಯೇ ತೋರಿಸಿತು.

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಕಣ್ಣು ನೋಡಿ ಸುಮ್ಮನಾದ...

ಮೂರು ವರ್ಷ ಅವನು ಬರುತ್ತಿದ್ದ. ಅವಳು ಕಾಯುತ್ತಿದ್ದಳು.

ಎಲ್ಲಿನವರೋ ಉಗುಳಿದ ಹೊಗೆಯನ್ನು ನುಂಗಲು ಫಿಡೆನ್ಸಿಯೊನ ಕಂಪನಿಗೆ ಇವರ ಹೊಲ ಬೇಕಿತ್ತು. ಊರು ಉಳುಮೆ ಬಿಟ್ಟಿತು, ಮೇಕೆ ಮಾರಿತು, ಮೆಕ್ಕೆಜೋಳದ ದಂಟನ್ನು ನೆಲಕ್ಕೇ ಹೊದಿಸಿತು. ಮಣ್ಣಿನಲ್ಲಿ ಹೆಚ್ಚಿದ ಇಂಗಾಲಕ್ಕೆ ಕಂಪನಿ ಹಣ ಕೊಡಬೇಕಿತ್ತು.

ಎರಡನೇ ಅಳತೆಗೆ ಕಂಪನಿ ಬೋಳು ನೆಲವನ್ನೂ ಕೊರೆಯಿತು. ಮೊದಲ ಸಲ ಕಪ್ಪು ಮಣ್ಣನ್ನಷ್ಟೇ ಅಳೆದಿದ್ದರಿಂದ ಈಗ ಸರಾಸರಿ ಇಳಿದು ಹೆಚ್ಚಳ ಸೊನ್ನೆ! ಊರು ಒಪ್ಪಿ ಸಹಿ ಹಾಕಿದರೆ, ಆ ಸುಳ್ಳು ಲೆಕ್ಕಕ್ಕೇ ಮೂವತ್ತು ವರ್ಷ ಕಟ್ಟುಬೀಳಬೇಕು.

'ಗೊತ್ತಿದ್ದೂ ಸುಮ್ಮನಿದ್ದನೇ...?' ಒಟೀಲಿಯಾಳಿಗೆ ಅನುಮಾನ.

ಊರಸಭೆಯಲ್ಲಿ ಚಿಕ್ಕಮ್ಮ ಸೆವೆರಿಯಾನಾ ಎಲ್ಲರಿಗೂ ಕೇಳುವಂತೆ ಅವಳನ್ನು ಚುಚ್ಚಿದಳು. "ಎರಡು ಕಣ್ಣಿಗೆ ಮರುಳಾಗಿ ಊರನ್ನೇ ಮಾರಿದ್ಯಲ್ಲೇ."

ಬಾಗಿಲಲ್ಲಿ ಫಿಡೆನ್ಸಿಯೊ ಮಾತಾಡಲು ಅಪ್ಪಣೆ ಕೇಳುತ್ತಿದ್ದ. ಊರವರೊಬ್ಬರು ಎದ್ದು ಹೊಣೆ ಹೊರದೆ ಹೊರಗಿನವನಿಗೆ ಅಲ್ಲಿ ಬಾಯಿಲ್ಲ. ಅವನು ಮತ್ತೆ ಮೋಸ ಮಾಡಿದರೆ, ಹೊಣೆ ಹೊತ್ತವರಿಗೂ ಸಭೆಯಲ್ಲಿ ಜಾಗವಿಲ್ಲ.

ಯಾರೂ ಏಳಲಿಲ್ಲ. ಕಂಪನಿಯವನು ಪೆನ್ನು ಚಾಚಿದ.

ಒಟೀಲಿಯಾ ಆ ಪೆನ್ನನ್ನು ನೋಡಿದಳು. ಎದ್ದಳು.

"ಇವರ ಹೊಣೆ ನನ್ನದು."

ಅವನು ತನ್ನ ತಪ್ಪನ್ನು ಬರೆದು ತಂದಿದ್ದ. ಮೊದಲ ಅಳತೆ ಬರೀ ಒಡ್ಡಿನ ಮಣ್ಣಿನದು, ಹಾಗೆ ಅಳೆಯಬಾರದೆಂದು ತನಗೆ ತಿಳಿದಿತ್ತು ಎಂದು ಓದಿ ಸಹಿ ಹಾಕಿದ. ಕಂಪನಿಯವನು ಅಲ್ಲೇ ಅವನ ಕೆಲಸ ಕಿತ್ತುಕೊಂಡ. ಊರು ಸೊನ್ನೆಯನ್ನು ತಿರಸ್ಕರಿಸಿತು. ಮೂರು ವರ್ಷದ ಬೆವರು ಹೋಯಿತು, ಮೂವತ್ತು ವರ್ಷ ಉಳಿಯಿತು.

ಹೊರಗೆ ಅವಳು ಸಿಡಿದಳು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ನಾನೂ ಪಕ್ಕದ ಕಣಿವೆಯವ್ನೇ. ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋಕೆ ನಮ್ಮಮ್ಮ ಕಲಿಸ್ಲಿಲ್ಲ. ಆಮೇಲೆ... ನೀವು ಬೈದು ಓಡಿಸ್ತೀರಿ ಅಂತ ಭಯ."

ಅವಳು ಒಡ್ಡಿನ ಕಡೆಗೆ ತಿರುಗಿದಳು.

"ನಾಳೆಯಿಂದ ನಮ್ಮ ಹೊಲ ನಾವೇ ಅಳೀಬೇಕು. ಊರ ಕೆಲಸ, ಕೂಲಿ ಇಲ್ಲ. ಊಟ ನಮ್ಮನೇಲಿ."

"ಎಷ್ಟು ದಿನ?"

"ಮಣ್ಣು ಬೆಳೆಯೋವರೆಗೂ."

"ಅದಕ್ಕೆ ಒಂದು ಆಯಸ್ಸು ಸಾಲೋದಿಲ್ಲ, ಒಟೀಲಿಯಾ."

"ಗೊತ್ತು," ಎಂದಳು ಅವಳು. "ಬಾ."